ಲಂಡನ್ನಿನ ಕಾಂಕ್ರೀಟ್ ನಾಟಕಶಾಲೆ, ಮೈಸೂರಿನ ಸಭಾಂಗಣ: ನಾಟಕಕ್ಕೆ ಅಂತಲೇ ಕಟ್ಟೋದು ಹೇಗೆ?

ಒಂಟಿಕೊಪ್ಪಲು ರಂಗಾಸಕ್ತ

ನಮ್ಮೂರಲ್ಲಿ ಹೊಸದಾಗಿ ಒಂದು ರಂಗಮಂದಿರ ಕಟ್ಟಬೇಕು ಅಂತ ಒಂದು ಟ್ರಸ್ಟ್‌ನವರು ಓಡಾಡ್ತಿದ್ದಾರೆ. ಸಂತೋಷ. ನಕ್ಷೆ ವಾಟ್ಸಾಪ್‌ನಲ್ಲಿ ಬಂತು. ಮುಂಭಾಗಕ್ಕೆ ಗಾಜು, ತಲೆಮೇಲೆ ಅರಮನೆ ಮಾದರಿಯ ಗುಮ್ಮಟ, ಒಳಗೆ ಬಣ್ಣಬಣ್ಣದ ಎಲ್‌ಇಡಿ ಪಟ್ಟಿ ಹಚ್ಚಿದ ಜಿಪ್ಸಂ ಸೀಲಿಂಗ್. ರಂಗಸ್ಥಳ ಎಲ್ಲಿ ಅಂತ ಹುಡುಕಿದರೆ ಒಂದು ಆಯತ, ಅದರೊಳಗೆ ‘ಸ್ಟೇಜ್’ ಅನ್ನೋ ಬರಹ. ಅಷ್ಟೇ. ಗುಮ್ಮಟಕ್ಕೆ ಕೊಟ್ಟ ತಲೆಯಲ್ಲಿ ಕಾಲುಭಾಗ ಅದಕ್ಕೆ ಕೊಟ್ಟಿದ್ದರೂ ಸಾಕಿತ್ತು.

ಅದಕ್ಕೇ ಲಂಡನ್ನಿನ ನ್ಯಾಷನಲ್ ಥಿಯೇಟರ್ ಬಗ್ಗೆ ಬರೀತಿದ್ದೀನಿ. ಮಗಳು ಅಲ್ಲೇ ಇರೋದರಿಂದ ಒಳಗೆಲ್ಲ ಓಡಾಡಿ ನೋಡೋ ಅವಕಾಶ ಸಿಕ್ಕಿತು. ಥೇಮ್ಸ್ ನದಿಯ ದಕ್ಷಿಣ ದಡ, ವಾಟರ್ಲೂ ಸೇತುವೆಯ ಮಗ್ಗುಲು. ವಾಸ್ತುಶಿಲ್ಪಿ ಡೆನಿಸ್ ಲಾಸ್ಡನ್. 1976ರಲ್ಲಿ ಬಾಗಿಲು ತೆರೆಯಿತು. ಹೊರಗಿನಿಂದ ನೋಡಿದರೆ ಒಂದರ ಮೇಲೊಂದು ಅಡ್ಡಡ್ಡ ಚಾಚಿದ ಕಾಂಕ್ರೀಟ್ ಜಗಲಿಗಳು, ಅವುಗಳ ಮಧ್ಯದಿಂದ ಎದ್ದ ಎರಡು ದೊಡ್ಡ ಗೋಪುರಗಳು. ಗೋಪುರ ಶೋಕಿಗಲ್ಲ. ರಂಗಸ್ಥಳದ ಪರದೆ, ಸೆಟ್ಟು ಪೂರ್ತಿ ಮೇಲಕ್ಕೆ ಎಳೆದು ಮರೆಮಾಡೋಕೆ ಬೇಕಾದ ಎತ್ತರ ಅದು. ಅಂದರೆ ಹೊರಗಿನ ಆಕಾರವನ್ನು ಒಳಗಿನ ಕೆಲಸವೇ ತೀರ್ಮಾನ ಮಾಡಿದೆ. ಈಗಿನ ಬ್ರಿಟನ್ನಿನ ರಾಜರು, ಆಗಿನ್ನೂ ಯುವರಾಜರು, 1988ರಲ್ಲಿ ಇದನ್ನ ಅಣು ವಿದ್ಯುತ್ ಸ್ಥಾವರಕ್ಕೆ ಹೋಲಿಸಿ ಹಂಗಿಸಿದ್ದರು. ಆರು ವರ್ಷ ಕಳೆಯೋದರಲ್ಲಿ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿತು!

ಒಳಗೆ ಹೋದರೆ ಗಿಲಾವೇ ಇಲ್ಲ. ಡಗ್ಲಸ್ ಫರ್ ಮರದ ಒರಟು ಹಲಗೆಗಳಲ್ಲಿ ಅಚ್ಚು ಕಟ್ಟಿ ಕಾಂಕ್ರೀಟ್ ಸುರಿದಿದ್ದಾರೆ. ಹಲಗೆ ಬಿಚ್ಚಿದ ಮೇಲೆ ಮರದ ಗೆರೆ, ಗಂಟು, ಹಲಗೆ ಸೇರಿದ ಸಂದು, ಎಲ್ಲ ಗೋಡೆಯಲ್ಲೇ ಉಳಿದಿವೆ. ಬಾಳೆಎಲೆ ಮೇಲೆ ತಟ್ಟಿದ ಒಬ್ಬಟ್ಟಿಗೆ ಎಲೆಯ ಗೆರೆ ಬೀಳುತ್ತಲ್ಲ, ಹಾಗೆ. ಕೈ ಸವರಿದರೆ ಸಣ್ಣಗೆ ತರಿ ತರಿ. ಓರೆಯಾಗಿ ಬಿದ್ದ ದೀಪದ ಬೆಳಕಿನಲ್ಲಿ ಆ ಗೆರೆಗಳು ಎದ್ದು ಕಾಣ್ತವೆ. ಗೋಡೆಗೆ ಬೇರೆ ಅಲಂಕಾರ ಇಲ್ಲ. ಕೆಳಗೆ ನೇರಳೆ ಕಾರ್ಪೆಟ್, ಮೇಲೆ ಚೌಕ ಚೌಕ ಗುಳಿಗಳ ಕಾಂಕ್ರೀಟ್ ಚಾವಣಿ. ಬಣ್ಣ ಅಂತ ಇರೋದು ಬಂದ ಜನರ ಬಟ್ಟೆಯದ್ದು.

ಮೂರು ರಂಗಗಳಿವೆ, ಮೂರೂ ಮೂರು ಥರ. ಒಲಿವಿಯರ್ ದೊಡ್ಡದು, ಸುಮಾರು 1,150 ಆಸನ. ಬೀಸಣಿಗೆಯ ಆಕಾರ, ಗ್ರೀಸಿನ ಎಪಿಡೋರಸ್ ಬಯಲು ರಂಗಮಂದಿರದ ನೆನಪಲ್ಲಿ ಮಾಡಿದ್ದು. ನಟ ನಿಂತ ಜಾಗದಿಂದ ಕತ್ತು ಹೊರಳಿಸದೆ ಇಡೀ ಸಭೆ ಕಣ್ಣಿಗೆ ಸಿಗಬೇಕು ಅನ್ನೋದು ಲೆಕ್ಕ. ಲಿಟಲ್ಟನ್ ಸುಮಾರು 890 ಆಸನದ್ದು, ನಮಗೆ ಗೊತ್ತಿರೋ ಚೌಕಟ್ಟಿನ ರಂಗ. ಮೂರನೆಯದು ಕಾಟೆಸ್ಲೋ, ಈಗ ಡಾರ್ಫ್‌ಮನ್. ಆಯತಾಕಾರದ ಅಂಗಳ, ಸುತ್ತಲೂ ಬಾಲ್ಕನಿ ಸಾಲು. ಬೇಕಾದ ಹಾಗೆ ಕುರ್ಚಿ ಬದಲಿಸಬಹುದು.

ನಾನು ಹೇಳೋದಿಷ್ಟೆ: ರಂಗಮಂದಿರವನ್ನ ಕುರ್ಚಿಯಿಂದ, ರಂಗಸ್ಥಳದಿಂದ ಶುರುಮಾಡಿ ಕಟ್ಟಬೇಕು, ಮುಂಬಾಗಿಲಿಂದ ಅಲ್ಲ. ನಮ್ಮ ಕಡೆ ಕಟ್ಟೋದೆಲ್ಲ ಸನ್ಮಾನಕ್ಕೆ. ಅತಿಥಿಗಳ ಕುರ್ಚಿ ಸಾಲಾಗಿ ಹಿಡಿಯೋವಷ್ಟು ಅಗಲ, ಪೋಡಿಯಂ ಇಡೋಕೆ ಒಂದು ಮೂಲೆ, ಹಿಂದೆ ಫ್ಲೆಕ್ಸ್ ಕಟ್ಟೋಕೆ ಕೊಕ್ಕೆ. ನಾಟಕದವರು ಆಮೇಲೆ ಬಂದು ಹೊಂದಿಕೊಳ್ಳಬೇಕು.

ಡಿಮ್ಮರ್ ಬೋರ್ಡ್

ಸಾರ್, ಫ್ಲೆಕ್ಸ್ ಕೊಕ್ಕೆ ಅಂದ್ರಲ್ಲ, ಅದಕ್ಕೇ ನಾವು ಸ್ಪಾಟ್‌ಲೈಟ್ ನೇತುಹಾಕಿದ್ದೀವಿ. ನಗಬೇಡಿ, ನಿಜ.

ಬೆಳಕಿನ ಕಡೆಯಿಂದ ಒಂದು ಮಾತು. ನಟನ ಮುಖಕ್ಕೆ ಬೆಳಕು ಸುಮಾರು 45 ಡಿಗ್ರಿ ಕೋನದಲ್ಲಿ ಬೀಳಬೇಕು, ಎರಡೂ ಪಕ್ಕದಿಂದ. ಅದಕ್ಕೆ ಪ್ರೇಕ್ಷಕರ ತಲೆಮೇಲೆ, ರಂಗದಿಂದ ಸರಿಯಾದ ದೂರದಲ್ಲಿ ಅಡ್ಡ ಪೈಪು ಬೇಕು, ಅಲ್ಲಿಗೆ ಹತ್ತಿ ಹೋಗೋ ದಾರಿ ಬೇಕು. ಜಿಪ್ಸಂ ಸೀಲಿಂಗ್ ಹೊಡೆದುಬಿಟ್ಟರೆ ಪೈಪೂ ಇಲ್ಲ, ದಾರಿಯೂ ಇಲ್ಲ. ಕೊನೆಗೆ ಬಾಲ್ಕನಿ ಕಟಕಟೆಗೆ ಕ್ಲಾಂಪ್ ಹಾಕ್ತೀವಿ. ಬೆಳಕು ನೇರ ಎದುರಿಂದ ಹೋಗಿ ಮುಖ ಚಪ್ಪಟೆ ಆಗುತ್ತೆ, ನೆರಳು ಹಿಂದಿನ ಪರದೆ ಮೇಲೆ ಕುಣಿಯುತ್ತೆ. ಚಪ್ಪಾಳೆ ನೆರಳಿಗೋ ನಟನಿಗೋ ಗೊತ್ತಾಗಲ್ಲ.

ಇನ್ನೊಂದು, ಬಿಳಿ ಗೋಡೆ. ಬ್ಲ್ಯಾಕೌಟ್ ಕೊಟ್ಟರೆ ಕತ್ತಲೇ ಆಗಲ್ಲ. ರಂಗದ ಮೇಲೆ ಒಂದು ಸ್ಪಾಟ್ ಹಚ್ಚಿದರೆ ಸೀಲಿಂಗಿಗೆ ಹೊಡೆದು ವಾಪಸ್ ಬಂದು ಮೂರನೇ ಸಾಲಿನವರ ಬೊಕ್ಕತಲೆ ಮಿಂಚುತ್ತೆ. ನಿಮ್ಮ ಲಂಡನ್ ಕಾಂಕ್ರೀಟಿನ ಬೂದು ಬಣ್ಣ ನನಗೆ ಇಷ್ಟ ಆಗೋದು ಈ ಕಾರಣಕ್ಕೆ. ಚೆಲ್ಲಿದ ಬೆಳಕನ್ನ ನುಂಗುತ್ತೆ. ಮಿಕ್ಕ ವಾಸ್ತುಶಿಲ್ಪ ನನಗೆ ಗೊತ್ತಿಲ್ಲ.

ಹಳೇ ಹಾರ್ಮೋನಿಯಂ

ಇಬ್ಬರೂ ಹೇಳಿದ್ದು ಓದಿದೆ. ಒಪ್ಪೋಕಾಗಲ್ಲ.

ನಾಟಕಕ್ಕೆ ಹೋಗೋದು ಅಂದರೆ ನಮ್ಮ ಕಾಲದಲ್ಲಿ ಹಬ್ಬಕ್ಕೆ ಹೋದಂಗೆ. ಗುಬ್ಬಿ ವೀರಣ್ಣನವರ ಕಂಪನಿ ಬಂತು ಅಂದರೆ ಪರದೆ ನೋಡೋಕೇ ಜನ ಹೋಗೋರು. ಬಣ್ಣದ ಪರದೆ, ಜರಿ, ಕಿರೀಟ, ಮಖಮಲ್ಲು. ಮೈಸೂರಿನವರಿಗೆ ಇದು ಹೊಸದೇನಲ್ಲ. ಚಾಮರಾಜೇಂದ್ರ ಒಡೆಯರ ಕಾಲದಲ್ಲೇ ಅರಮನೆಯ ಆಶ್ರಯದಲ್ಲಿ ನಾಟಕ ಸಭೆ ಇತ್ತು, ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನ ಕನ್ನಡಕ್ಕೆ ತಂದಿದ್ದು ಆ ಹೊತ್ತಲ್ಲೇ. ಜಗನ್ಮೋಹನ ಅರಮನೆಯ ಸಭಾಂಗಣ ಹೋಗಿ ನೋಡಿ. ನಾಲ್ವಡಿಯವರ ಮದುವೆಗೆ ಅಂತ 1900ರಲ್ಲಿ ಎಬ್ಬಿಸಿದ್ದು, ಎರಡು ವರ್ಷಕ್ಕೆ ಅಲ್ಲೇ ಪಟ್ಟಾಭಿಷೇಕವೂ ಆಯ್ತು. ಕಂಬ, ಕಮಾನು, ಮೊಗಸಾಲೆ, ಬಣ್ಣದ ಗಾಜು. ಒಳಗೆ ಕಾಲಿಟ್ಟರೆ ಮೈ ನೆಟ್ಟಗಾಗುತ್ತೆ. ಅದನ್ನ ಬಿಟ್ಟು ಗಿಲಾವೂ ಕಾಣದ ಗೋಡೆ ತೋರಿಸಿ ‘ಇದೇ ಕಲೆ’ ಅಂದರೆ ನಮ್ಮ ಮನೆಯವರು ‘ದುಡ್ಡು ಸಾಲಲಿಲ್ವೇನೋ ಪಾಪ’ ಅಂತಾರೆ.

ಡಿಮ್ಮರ್ ಬೋರ್ಡ್

ಅಜ್ಜನವರೇ, ಜಗನ್ಮೋಹನದಲ್ಲಿ ಕಂಬದ ಹಿಂದೆ ಸೀಟು ಸಿಕ್ಕವರನ್ನ ಕೇಳಿ.

ಹಳೇ ಹಾರ್ಮೋನಿಯಂ

ಕಂಬದ ಹಿಂದೆ ಕೂತವನು ಕಂಬ ನೋಡಲಿ. ಅದೂ ಚೆನ್ನಾಗೇ ಇದೆ.

ಕುವೆಂಪುನಗರ ನಿವೃತ್ತ ಎಂಜಿನಿಯರ್

ಗಿಲಾವು ಮಾಡದ ಕಾಂಕ್ರೀಟ್ ಅಂದರೆ ಖರ್ಚು ಉಳೀತು ಅಂತ ಯಾರೂ ತಿಳಕೋಬೇಡಿ. ಗಿಲಾವು ಮಾಡೋ ಗೋಡೆಯಲ್ಲಿ ಜೇನುಗೂಡಿನ ಥರ ತೂತು ತೂತು ಬಿದ್ದರೆ, ಸೆಂಟ್ರಿಂಗ್ ಹಲಗೆ ಸ್ವಲ್ಪ ಅಲುಗಾಡಿದರೆ ಮೇಸ್ತ್ರಿ ಗಾರೆ ಮೆತ್ತಿ ಮುಗಿಸ್ತಾನೆ. ಇಲ್ಲಿ ಮುಚ್ಚೋಕೆ ಏನೂ ಇಲ್ಲ. ಹಲಗೆ ಆರಿಸಬೇಕು, ಸಂದಿನಿಂದ ಸಿಮೆಂಟ್ ಹಾಲು ಸೋರಬಾರದು, ಕಾಂಕ್ರೀಟ್ ಅದುರಿಸಿ ಕೂರಿಸೋ ವೈಬ್ರೇಟರ್ ಹೆಚ್ಚೂ ಆಗಬಾರದು ಕಮ್ಮಿಯೂ ಆಗಬಾರದು. ಎಲ್ಲಕ್ಕಿಂತ ಮುಖ್ಯ, ಕರೆಂಟ್ ಪೈಪು, ಸ್ವಿಚ್ ಬಾಕ್ಸು, ನೀರಿನ ಪೈಪು ಎಲ್ಲೆಲ್ಲಿ ಅಂತ ಕಾಂಕ್ರೀಟ್ ಸುರಿಯೋ ಮೊದಲೇ ತೀರ್ಮಾನ ಆಗಿರಬೇಕು. ನಮ್ಮಲ್ಲಿ ಸ್ಲ್ಯಾಬ್ ಮುಗಿದ ಮೇಲೆ ಗೋಡೆ ಕೊರೆಯೋದು ವಾಡಿಕೆ. ಈ ಶಿಸ್ತು ತರೋದು ಹಲಗೆ ತರೋದಕ್ಕಿಂತ ಕಷ್ಟ.

ಮಳೆ ಇನ್ನೊಂದು ಸಮಸ್ಯೆ. ಬಯಲಿಗೆ ಬಿಟ್ಟ ಕಾಂಕ್ರೀಟಿನ ಮೇಲೆ ನಾಲ್ಕೈದು ಮಳೆಗಾಲ ಕಳೆದರೆ ಕಪ್ಪು ಪಾಚಿಯ ಇಳಿಗೆರೆ. ಲಂಡನ್ನಿನಲ್ಲೂ ಕರೆ ಬಿದ್ದಿದೆ, ಫೋಟೋದಲ್ಲೇ ಕಾಣುತ್ತೆ. ಹೊರಗೆ ಮಾಡಲೇಬೇಕು ಅಂದರೆ ಸಜ್ಜಾ ಆಳವಾಗಿರಲಿ, ಅದರ ಅಡಿಯಂಚಿನಲ್ಲಿ ನೀರು ತೊಟ್ಟಿಕ್ಕೋಕೆ ಸಣ್ಣ ತೋಡು ಕೊರೆದಿರಲಿ, ಆಗ ನೀರು ಗೋಡೆಗೆ ಹರಿಯಲ್ಲ. ನನ್ನ ಸಲಹೆ: ಹೊರಗೆ ನಮ್ಮ ಕಡೆಯ ಕಲ್ಲು, ಇಟ್ಟಿಗೆ, ಒಳಗೆ ಮಾತ್ರ ಕಾಂಕ್ರೀಟ್. ಲಾಸ್ಡನ್ ಹೆಸರು ಹೇಳಿಕೊಂಡು ಒಂಟಿಕೊಪ್ಪಲಿನಲ್ಲಿ ಥೇಮ್ಸ್ ಹರಿಸೋದು ಬೇಡ.

ಬಿ.ಆರ್ಕ್ ನಾಲ್ಕನೇ ವರ್ಷ

ನಮಸ್ಕಾರ ಸರ್. ಈ ಚರ್ಚೆಗೆ ಲಂಡನ್ನಿಗೇ ಹೋಗಬೇಕಿಲ್ಲ ಅನ್ನಿಸ್ತು. ದೆಹಲಿಯಲ್ಲಿ ಶಿವನಾಥ ಪ್ರಸಾದ್ ಮಾಡಿದ ಶ್ರೀರಾಮ್ ಸೆಂಟರ್ ಇದೆ, 60ರ ದಶಕದ ವಿನ್ಯಾಸ. ರಂಗಮಂದಿರಕ್ಕೆ ಒಂದು ಕಾಂಕ್ರೀಟ್ ಸಿಲಿಂಡರ್, ತಾಲೀಮಿನ ಕೋಣೆಗಳಿಗೆ ಅದರ ಮೇಲೆ ತೇಲಿಸಿದ ಒಂದು ಆಯತ. ಯಾವ ಕೆಲಸ ಎಲ್ಲಿ ಅಂತ ಬೀದಿಯಲ್ಲಿ ನಿಂತವರಿಗೇ ಗೊತ್ತಾಗುತ್ತೆ. ಮುಂಬೈಯ ಎನ್‌ಸಿಪಿಎ, ಅಂದರೆ ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರದ ಟಾಟಾ ಥಿಯೇಟರ್ 1980ರದ್ದು, ಅಮೆರಿಕದ ಫಿಲಿಪ್ ಜಾನ್ಸನ್ ವಿನ್ಯಾಸ, ಧ್ವನಿಯ ಲೆಕ್ಕ ಸಿರಿಲ್ ಹ್ಯಾರಿಸ್ ಅವರದ್ದು. ಸಾವಿರ ಚಿಲ್ಲರೆ ಆಸನ ಇದ್ದರೂ ಮೈಕ್ ಇಲ್ಲದೆ ಸಿತಾರ್ ಕೇಳಬೇಕು ಅನ್ನೋ ಉದ್ದೇಶಕ್ಕೆ ಮಾಡಿದ್ದು.

ಚಿಕ್ಕದು ಬೇಕು ಅಂದರೆ ಮುಂಬೈಯ ಪೃಥ್ವಿ, 1978. ಸುಮಾರು ಇನ್ನೂರು ಆಸನ, ಮೂರು ಕಡೆ ಪ್ರೇಕ್ಷಕರು. ಬೆಂಗಳೂರಿನ ರಂಗಶಂಕರ 2004ರದ್ದು, ಶಾರೂಖ್ ಮಿಸ್ತ್ರಿಯವರ ವಿನ್ಯಾಸ. ಅಲ್ಲೂ ರಂಗ ಪ್ರೇಕ್ಷಕರ ನಡುವೆ ಚಾಚಿಕೊಂಡಿದೆ. ಅಲ್ಲಿ ನಾಟಕದಷ್ಟೇ ಹೆಸರಾಗಿರೋದು ತಡವಾಗಿ ಬಂದವರಿಗೆ ಪ್ರವೇಶವಿಲ್ಲ ಅನ್ನೋ ನಿಯಮ ಮತ್ತು ಕೆಫೆ.

ಹಳೇ ಮೈಸೂರು ಸಂಸ್ಥಾನಕ್ಕೇ ಆಧುನಿಕ ವಾಸ್ತುಶಿಲ್ಪದ ನಂಟಿದೆ. ಜರ್ಮನಿ ಬಿಟ್ಟು ಬಂದ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಿಂದ ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿ ಆಗಿದ್ದರು. ಬಿಸಿಲು, ಗಾಳಿ ಲೆಕ್ಕ ಹಾಕಿ ಕಟ್ಟೋದನ್ನ ಅವರು ಇಲ್ಲೇ ಕೆಲಸ ಮಾಡ್ತಾ ಕಲಿತದ್ದು, ಆಮೇಲೆ ಲಂಡನ್ನಿಗೆ ಹೋಗಿ ಉಷ್ಣವಲಯದ ವಾಸ್ತುಶಿಲ್ಪ ಪಾಠ ಹೇಳಿದರು. ಮೈಸೂರು ಅಂದರೆ ಗುಮ್ಮಟ ಒಂದೇ ಅಲ್ಲ.

ಒಂದು ಪ್ರಶ್ನೆ. ಒಲಿವಿಯರ್ ರಂಗದಲ್ಲಿ ಮಾತು ಸರಿಯಾಗಿ ಕೇಳಲ್ಲ ಅಂತ ನಟರ ದೂರು ಇದೆ ಅಂತ ಓದಿದ್ದೀನಿ. ನೀವು ಅದನ್ನ ಹೇಳಲೇ ಇಲ್ಲ?

ಒಂಟಿಕೊಪ್ಪಲು ರಂಗಾಸಕ್ತ

ಹೌದು, ದೂರು ಮೊದಲಿಂದಲೂ ಇದೆ. ಬೀಸಣಿಗೆ ಆಕಾರದ ತೊಂದರೆ ಅದು. ಹಿಂದಕ್ಕೆ ಹೋದಷ್ಟೂ ಅಗಲ ಆಗ್ತಾ ಹೋಗೋದರಿಂದ ಪಕ್ಕದ ಗೋಡೆ ದೂರ ಸರಿಯುತ್ತೆ, ಅದರಿಂದ ಬೇಗ ವಾಪಸ್ ಬರಬೇಕಾದ ಸದ್ದು ಮಧ್ಯದಲ್ಲಿ ಕೂತವರಿಗೆ ಸಿಗಲ್ಲ. ಕಣ್ಣಿಗೆ ಹಬ್ಬ, ಕಿವಿಗೆ ಅರೆಹೊಟ್ಟೆ. ರಂಗದ ಕೆಳಗೆ ಐದು ಅಂತಸ್ತಿನ ತಿರುಗೋ ಡ್ರಮ್ ಇದೆ, ಇಡೀ ಸೆಟ್ಟು ಪಾತಾಳಕ್ಕೆ ಇಳಿದು ಇನ್ನೊಂದು ಮೇಲೆ ಬರುತ್ತೆ. ಅದೂ ಕಟ್ಟಡ ತೆರೆದು ಹತ್ತು ವರ್ಷ ದಾಟೋವರೆಗೆ ಸರಿಯಾಗಿ ಬಳಕೆಗೆ ಬರಲಿಲ್ಲ. ಹಾಗಂತ ನನ್ನ ಮಾತು ಬಿದ್ದುಹೋಗಲ್ಲ. ಅವರು ನಾಟಕದ ಸಮಸ್ಯೆಗಳ ಜೊತೆ ಗುದ್ದಾಡಿ ಕೆಲವು ಕಡೆ ಸೋತರು. ನಮ್ಮ ನಕ್ಷೆಯಲ್ಲಿ ಗುದ್ದಾಟವೇ ಇಲ್ಲ.

ಹಾರ್ಮೋನಿಯಂ ಅವರಿಗೆ: ಹಬ್ಬದ ಮಾತು ನನಗೂ ಇಷ್ಟ. ಆದರೆ ಲಂಡನ್ನಿನಲ್ಲಿ ನಾನು ಕಂಡ ಹಬ್ಬ ಮೊಗಸಾಲೆಯಲ್ಲಿತ್ತು, ಅಂದರೆ ರಂಗಗಳ ಬಾಗಿಲಾಚೆಯ ಪಡಸಾಲೆಯಲ್ಲಿ. ಟಿಕೆಟ್ ಇಲ್ಲದವರೂ ಹಗಲು ಹೊತ್ತು ಬಂದು ಕೂರಬಹುದು. ಲ್ಯಾಪ್‌ಟಾಪ್ ಇಟ್ಟುಕೊಂಡ ಹುಡುಗರು, ಮಗು ಮಲಗಿಸಿಕೊಂಡ ತಾಯಂದಿರು, ಚಹಾ ಹಿಡಿದು ನದಿ ನೋಡ್ತಾ ಕೂತ ಮುದುಕರು. ಯಾರೂ ‘ಏನ್ ಬೇಕಿತ್ತು?’ ಅಂತ ಕೇಳಲ್ಲ. ನಮ್ಮ ಸಭಾಂಗಣಗಳಲ್ಲಿ ಕಾರ್ಯಕ್ರಮ ಇಲ್ಲದಿದ್ದರೆ ಗೇಟಿಗೆ ಬೀಗ, ಇದ್ದರೆ ಬಾಗಿಲಲ್ಲೇ ನೂಕುನುಗ್ಗಲು.

ಹಳೇ ಹಾರ್ಮೋನಿಯಂ

ಮೊಗಸಾಲೆ ಮಾತು ಸರಿ. ಅದಕ್ಕೆ ನಮ್ಮ ತಕರಾರಿಲ್ಲ. ಪರದೆ ಮಾತ್ರ ಕೆಂಪು ಮಖಮಲ್ಲಿನದ್ದೇ ಇರಲಿ.

ಪಾತ್ರಧಾರಿ, ಮಂಡ್ಯ

ನಾನು ಮಂಡ್ಯದವಳು, ಮೈಸೂರಿನಲ್ಲಿ ನಾಟಕ ಮಾಡ್ತೀನಿ. ನೀವೆಲ್ಲ ನೋಡೋರ ಕಡೆಯಿಂದ ಮಾತಾಡ್ತಿದ್ದೀರ, ನಾನು ರಂಗದ ಮೇಲಿಂದ ಹೇಳ್ತೀನಿ.

ಮೈಸೂರಿನ ನಾಟಕ ಸಂಸ್ಥೆ ರಂಗಾಯಣದ ಭೂಮಿಗೀತ ರಂಗಮಂದಿರದಲ್ಲಿ ನಿಂತಾಗ ಎದುರಿನವರ ಮುಖ ಕಾಣುತ್ತೆ. ಒಬ್ಬರು ಆಕಳಿಸಿದರೂ ಗೊತ್ತಾಗುತ್ತೆ, ಕಣ್ಣು ಒರೆಸಿಕೊಂಡರೂ ಗೊತ್ತಾಗುತ್ತೆ. ಗಂಟಲು ಏರಿಸಬೇಕಿಲ್ಲ, ಪಿಸುಮಾತು ಪಿಸುಮಾತಾಗೇ ಹೋಗಿ ಸೇರುತ್ತೆ. ಅಲಂಕಾರ ಅಂತ ಅಲ್ಲಿ ಏನಿದೆ? ಏನೂ ಇಲ್ಲ. ಪಕ್ಕದಲ್ಲೇ ವನರಂಗ, ಮರಗಳ ಕೆಳಗೆ ಮೆಟ್ಟಿಲು, ಮೇಲೆ ಆಕಾಶ. ಅಲ್ಲಿ ಬೇರೆಯೇ ದೇಹ ಬೇಕು, ಬೇರೆಯೇ ಉಸಿರು ಬೇಕು. 1989ರಲ್ಲಿ ಬಿ.ವಿ. ಕಾರಂತರು ಬಂದು ರಂಗಾಯಣ ಕಟ್ಟಿದರು ಅಂತೀವಲ್ಲ, ಅವರು ಕಟ್ಟಿದ್ದು ಕಲಾವಿದರನ್ನ. ಜಾಗಗಳು ಅವರ ಹಿಂದೆ ಹಿಂದೆ ಬಂದವು. ‘ಮಲೆಗಳಲ್ಲಿ ಮದುಮಗಳು’ 2010ರಲ್ಲಿ ಅದೇ ಆವರಣದಲ್ಲಿ ರಾತ್ರಿಯಿಡೀ ನಡೀತು. ಒಂಬತ್ತು ಗಂಟೆಯ ನಾಟಕ, ಒಂದು ರಂಗಸ್ಥಳದಿಂದ ಇನ್ನೊಂದಕ್ಕೆ ಜನ ಚಾಪೆ, ಶಾಲು ಹಿಡಕೊಂಡು ಎದ್ದು ನಡೆದರು. ಅದಕ್ಕೆ ಯಾವ ಕಟ್ಟಡ ಮಾಡ್ತೀರ ಹೇಳಿ?

ಸಾವಿರ ಆಸನ ಬೇಡವೇ ಬೇಡ ಅನ್ನೋದು ನನ್ನ ಅಭಿಪ್ರಾಯ. ಮುನ್ನೂರು ಸಾಕು.

ಡಿಮ್ಮರ್ ಬೋರ್ಡ್

ಮುನ್ನೂರಕ್ಕೆ ನನ್ನದೂ ವೋಟು. ಆದರೆ ಮೇಡಂ, ಟ್ರಸ್ಟ್‌ನವರು ಮದುವೆ ಆರತಕ್ಷತೆಗೂ ಕೊಡಬೇಕು ಅಂತ ಕೂತಿದ್ದಾರೆ. ಮುನ್ನೂರಕ್ಕೆ ಊಟದ ಲೆಕ್ಕ ಹೊಂದಲ್ಲ.

ಬಿ.ಆರ್ಕ್ ನಾಲ್ಕನೇ ವರ್ಷ

ಅಕ್ಕಾ, ನೀವು ಹೇಳಿದ್ದಕ್ಕೆ ಲೆಕ್ಕವೂ ಜೊತೆ ಕೊಡುತ್ತೆ. ಮುಖದ ಭಾವ ಬರಿಗಣ್ಣಿಗೆ ಕಾಣಬೇಕು ಅಂದರೆ ಕೊನೇ ಸಾಲು ರಂಗದಿಂದ 20 ಮೀಟರಿನ ಒಳಗಿರಬೇಕು ಅಂತ ನಮಗೆ ಪಾಠ. ಮುಂದಿನವರ ತಲೆ ದಾಟಿ ದೃಷ್ಟಿ ಹಾಯೋಕೆ ಸಾಲು ಸಾಲಿಗೂ ದೃಷ್ಟಿಗೆರೆಗೆ 12 ಸೆಂ.ಮೀ. ಎತ್ತರದ ಬಿಡುವು ಸಿಗಬೇಕು, ಇಕ್ಕಟ್ಟಾದರೆ 6ಕ್ಕೆ ಇಳಿಸಿ ಕುರ್ಚಿಗಳನ್ನ ಒಂದರ ಸಂದಿಗೆ ಇನ್ನೊಂದು ಬರೋ ಹಾಗೆ ಹಾಕಬೇಕು. ಟ್ರಸ್ಟ್ ನಕ್ಷೆಯಲ್ಲಿ ನೆಲ ಪೂರ್ತಿ ಸಪಾಟು. ಊಟದ ಮೇಜು ಹಾಕೋಕೆ ಅಂತ ಈಗ ಅರ್ಥ ಆಯ್ತು!

ಧ್ವನಿಗೂ ಅಷ್ಟೆ. ಮಾತಿನ ನಾಟಕಕ್ಕೆ ಅನುರಣನ, ಅಂದರೆ ಸದ್ದು ನಿಂತ ಮೇಲೂ ಗುಂಯ್ ಅನ್ನೋ ಹೊತ್ತು, ಸುಮಾರು 1 ಸೆಕೆಂಡು ಇದ್ದರೆ ಚೆನ್ನ. ಹಾರ್ವರ್ಡ್‌ನಲ್ಲಿ ವಾಲೇಸ್ ಸಬೀನ್ ಅಂತ ಒಬ್ಬರು 1895ರ ಹೊತ್ತಿಗೆ ಒಂದು ಉಪನ್ಯಾಸ ಭವನದ ಗೊಂದಲ ಬಿಡಿಸೋಕೆ ಕೂತರು. ಅಲ್ಲಿ ಸದ್ದು ಐದೂವರೆ ಸೆಕೆಂಡು ಗುಂಯ್ ಅಂತಿತ್ತು. ಬೇರೆ ಸಭಾಂಗಣದ ಕುರ್ಚಿ ದಿಂಬುಗಳನ್ನ ರಾತ್ರಿ ಹೊತ್ತು ಹೊತ್ತು ತಂದು, ಅಷ್ಟಷ್ಟೇ ಜೋಡಿಸಿ ಅಳೆದು, ಬೆಳಗಾಗೋದರಲ್ಲಿ ವಾಪಸ್ ಇಡ್ತಿದ್ದರು. ಕೋಣೆಯ ಗಾತ್ರಕ್ಕೂ ಸದ್ದು ಹೀರೋ ಸಾಮಾನಿಗೂ ಇರೋ ಸಂಬಂಧದ ಸೂತ್ರ ಹುಟ್ಟಿದ್ದು ಹಾಗೆ. ನಾವು ಇವತ್ತೂ ಅದನ್ನೇ ಬಳಸೋದು.

ಕುವೆಂಪುನಗರ ನಿವೃತ್ತ ಎಂಜಿನಿಯರ್

ಚೆನ್ನಾಗಿ ಹೇಳಿದಿರಿ ಮರಿ. ಇದಕ್ಕೆ ಎರಡು ಸೇರಿಸ್ತೀನಿ. ಒಂದು, ಗುಮ್ಮಟ. ಒಳಗಿನಿಂದ ಬೋಗುಣಿಯಾಗಿರೋ ಯಾವ ಮೇಲ್ಮೈಯೂ ಸದ್ದನ್ನ ಒಂದೇ ಕಡೆ ಗುಡ್ಡೆ ಹಾಕುತ್ತೆ. ಅಲ್ಲಿ ಕೂತವರಿಗೆ ಕಿವಿಗಡಚಿಕ್ಕು, ಆಚೆಯವರಿಗೆ ಸೊನ್ನೆ. ಎರಡು, ಹಿಂಗೋಡೆ. ನೇರ ಬಂದ ಮಾತಿಗಿಂತ ಗೋಡೆಗೆ ಬಡಿದು ಬಂದ ಮಾತು 17 ಮೀಟರಿಗಿಂತ ಹೆಚ್ಚು ದೂರ ಸುತ್ತಿ ಬಂದರೆ ಅದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ತಡ. ಆಗ ಕಿವಿಗೆ ಅದು ಎರಡನೇ ಮಾತಾಗೇ ಕೇಳಿಸುತ್ತೆ. ಹಿಂಗೋಡೆಗೆ ರಂಧ್ರದ ಹಲಗೆ, ಅದರ ಹಿಂದೆ ಸದ್ದು ಹೀರೋ ರಾಕ್‌ವೂಲ್ ಹಾಸು ಹಾಕಲೇಬೇಕು. ಬರೀ ಕಾಂಕ್ರೀಟ್ ಸದ್ದು ಹೀರಲ್ಲ. ಆದ್ದರಿಂದ ರಂಗಾಸಕ್ತರ ಬರಿಗೋಡೆ ಎಲ್ಲ ಕಡೆಯೂ ನಡೆಯಲ್ಲ ಅಂತ ಬರೆದುಕೊಳ್ಳಿ.

ಎ.ಸಿ. ಬಗ್ಗೆ ಯಾರೂ ಮಾತಾಡಲಿಲ್ಲ. ಸಣ್ಣ ಡಕ್ಟ್ (ಗಾಳಿ ಕೊಳವೆ) ಹಾಕಿ ಗಾಳಿ ಜೋರಾಗಿ ನೂಕಿದರೆ ಉಸ್ ಅನ್ನುತ್ತೆ. ದೊಡ್ಡ ಡಕ್ಟ್, ನಿಧಾನದ ಗಾಳಿ, ಮಷಿನ್ನು ಕಟ್ಟಡದಿಂದ ದೂರ. ಮೈಸೂರಿನ ಹವೆಗೆ ವರ್ಷದ ಬಹುಪಾಲು ಸಂಜೆ ಹೊತ್ತು ಫ್ಯಾನೂ ಬೇಡ, ಗಾಳಿ ಸರಾಗ ಹೋಗೋ ದಾರಿ ಇದ್ದರೆ ಸಾಕು. ಆದರೆ ಗಾಳಿ ಬರೋ ದಾರಿಯಲ್ಲೇ ಬಸ್ಸಿನ ಹಾರನ್ನೂ ಬರುತ್ತೆ. ಜಾಲಿ ಇಟ್ಟಿಗೆ ಗೋಡೆ ಎರಡು ಪದರ ಕಟ್ಟಿ, ನಡುವೆ ತಿರುವು ಕೊಟ್ಟರೆ ತಕ್ಕಮಟ್ಟಿಗೆ ಸದ್ದು ಸಾಯುತ್ತೆ. ಪೂರ್ತಿ ಅಲ್ಲ.

ಒಂಟಿಕೊಪ್ಪಲು ರಂಗಾಸಕ್ತ

ಬರೆದುಕೊಂಡೆ ಸಾರ್. ಈ ವಿಷಯಗಳನ್ನೆಲ್ಲ ಸೇರಿಸಿ ಟ್ರಸ್ಟ್‌ನವರಿಗೆ ಒಂದು ಪತ್ರ ಕೊಡೋಣ ಅಂತಿದ್ದೀನಿ. ಗುಮ್ಮಟ ತೆಗೆಯಿರಿ ಅಂದರೆ ಬೇಸರ ಮಾಡಿಕೊಳ್ತಾರೆ. ಅದನ್ನ ಮೊಗಸಾಲೆ ಮೇಲಕ್ಕೆ ಸರಿಸಿ ಅನ್ನೋಣ. ಅಲ್ಲಿ ಗುಂಯ್ ಅಂದರೂ ತೊಂದರೆಯಿಲ್ಲ, ಹರಟೆ ತಾನೆ. ಮದುವೆ ವಿಚಾರಕ್ಕೂ ಅಷ್ಟೆ, ಆರತಕ್ಷತೆ ಮೊಗಸಾಲೆಯಲ್ಲಾಗಲಿ, ಒಳಗೆ ನೆಲ ಇಳಿಜಾರಿರಲಿ. ಬಾಡಿಗೆಯೂ ಬರುತ್ತೆ, ನಾಟಕವೂ ಉಳಿಯುತ್ತೆ. ಇನ್ನೇನಾದರೂ ಬಿಟ್ಟಿದ್ದರೆ ಭಾನುವಾರದೊಳಗೆ ಹೇಳಿ.

ಹಳೇ ಹಾರ್ಮೋನಿಯಂ

ಗುಮ್ಮಟ ಉಳಿಸಿದ್ದಕ್ಕೆ ವಂದನೆ. ರಂಗದ ಮುಂದೆ ವಾದ್ಯದವರಿಗೆ ಒಂದು ಗುಂಡಿ ಬೇಕು, ಬೇಡದಾಗ ಹಲಗೆ ಮುಚ್ಚಿ. ಹಾಡಿನ ನಾಟಕಕ್ಕೆ ಹಾರ್ಮೋನಿಯಂ ಪೆಟ್ಟಿಗೆಯವನು ನಟನ ತುಟಿ ನೋಡಬೇಕು. ಸೈಡ್‌ವಿಂಗಿನಲ್ಲಿ ಕೂರಿಸಿದರೆ ಬರೀ ಬೆನ್ನು ಕಾಣುತ್ತೆ.

ಡಿಮ್ಮರ್ ಬೋರ್ಡ್

ಲೈಟ್ ಮತ್ತು ಸೌಂಡಿಗೆ ಬೇರೆ ಬೇರೆ ಕರೆಂಟ್ ಲೈನ್. ಒಂದೇ ಲೈನಾದರೆ ಬೆಳಕು ಏರಿಸಿ ಇಳಿಸೋ ಡಿಮ್ಮರ್ ಏರಿಸಿದ ಹಾಗೆಲ್ಲ ಸ್ಪೀಕರ್ ಜುಂಯ್ ಅನ್ನುತ್ತೆ. ಕಂಟ್ರೋಲ್ ಕ್ಯಾಬಿನ್ ಗಾಜಿಗೆ ತೆರೆಯೋ ಕಿಟಕಿ ಇರಲಿ, ಒಳಗೆ ಕೂತವನಿಗೂ ನಾಟಕ ಕೇಳಿಸಬೇಕಲ್ಲ. ದಯವಿಟ್ಟು ಕ್ಯಾಬಿನ್ನು ಬಾಲ್ಕನಿಯ ಮೂಲೆಯಲ್ಲಿ ಬೇಡ, ನಟ್ಟನಡುವೆ ಬೇಕು.

ಪಾತ್ರಧಾರಿ, ಮಂಡ್ಯ

ನನ್ನದು ಮೂರು. ಗ್ರೀನ್ ರೂಮ್ ಎರಡು ಇರಬೇಕು, ಹೆಣ್ಣುಮಕ್ಕಳದ್ದಕ್ಕೆ ಒಳಗಿಂದ ಬೋಲ್ಟ್ ಹಾಕೋ ಬಾಗಿಲು, ಅದಕ್ಕೆ ಹೊಂದಿಕೊಂಡೇ ಶೌಚಾಲಯ. ಬಣ್ಣ ಹಚ್ಚಿಕೊಂಡು ಪ್ರೇಕ್ಷಕರ ಕ್ಯೂನಲ್ಲಿ ನಿಂತು ಸಾಕಾಗಿದೆ. ಗ್ರೀನ್ ರೂಮ್ ನೆಲ, ರಂಗದ ನೆಲ ಒಂದೇ ಮಟ್ಟದಲ್ಲಿರಲಿ, ಒಂಬತ್ತು ಗಜದ ಸೀರೆ ಉಟ್ಟು ಕತ್ತಲಲ್ಲಿ ಮೆಟ್ಟಿಲು ಹತ್ತೋರಿಗೇ ಗೊತ್ತು ಅದರ ಕಷ್ಟ. ಮೂರನೆಯದು, ಹಿಂದಿನ ಪರದೆಯ ಆಚೆಗೆ ಎಡದಿಂದ ಬಲಕ್ಕೆ ಹೋಗೋ ದಾರಿ. ಒಂದು ಸಭಾಂಗಣದಲ್ಲಿ ಅದು ಇಲ್ಲದೆ, ಎಡಗಡೆ ಹೊರಟುಹೋದ ಸೀತೆ ಬಲಗಡೆಯಿಂದ ಬರೋಕೆ ಪಾರ್ಕಿಂಗ್ ಸುತ್ತಿ ಓಡಿದ್ದಾಳೆ, ಅದೂ ಮಳೆಯಲ್ಲಿ. ಆ ಸೀತೆ ನಾನೇ. ಪತ್ರದಲ್ಲಿ ಇದನ್ನ ಮೊದಲನೇ ಅಂಶ ಮಾಡಿ.